ಸೇವಾರ್ಥದ ಸೈಕಲ್ಲು

ನನ್ನ ಸೋದರಮಾವ ದಾನಿಗಳು. ಇದನ್ನು ನಾನು ಕುಹಕದಿಂದ ಹೇಳುತ್ತಿಲ್ಲ. ಹೆಚ್ಚೆಂದರೆ ಅರ್ಧ ಕುಹಕ ಇರಬಹುದು. ಟಿ. ನರಸೀಪುರದ ಪೇಟೆ ಬೀದಿಯಲ್ಲಿ ಅವರ ಸ್ಟೀಲ್ ಪಾತ್ರೆ ಅಂಗಡಿ ಇದೆ. ಆ ಸುತ್ತಿನ ಯಾವ ದೇವಸ್ಥಾನಕ್ಕೆ ಹೋಗಿ ಕುಳಿತರೂ, ಕರೆಂಟು ಹೋಗಿ ಫ್ಯಾನು ನಿಂತ ಕೂಡಲೇ ರೆಕ್ಕೆಗಳ ಮೇಲೆ ಅವರ ಹೆಸರು ಕಾಣುತ್ತದೆ. ಬಸ್ಸು ಕಾಯುವ ಸಿಮೆಂಟ್ ಬೆಂಚಿನ ಬೆನ್ನಿಗೆ, ಮಠದ ದಾಸೋಹದ ಅನ್ನದ ಕೊಳಗಕ್ಕೆ, ಶಾಲೆಯ ಬೀರುವಿನ ಬಾಗಿಲಿಗೆ, ಎಲ್ಲೆಲ್ಲೂ ಮೊದಲು ‘ಸೇವಾರ್ಥ’ ಎಂಬ ಪದ, ಅದರ ಕೆಳಗೆ ಮಾವನ ಹೆಸರು, ಅದರ ಕೆಳಗೆ ಅಂಗಡಿಯ ಹೆಸರು. ಒಂದು ಹೈಸ್ಕೂಲಿಗೆ ಅವರು ಕೊಟ್ಟ ಗೋಡೆ ಗಡಿಯಾರದಲ್ಲಿ ಆ ಅಕ್ಷರಗಳು ಎಷ್ಟು ದೊಡ್ಡವೆಂದರೆ, ಗಂಟೆ ಎಷ್ಟಾಯಿತೆಂದು ತಿಳಿಯಲು ಮುಳ್ಳುಗಳನ್ನು ಹುಡುಕಬೇಕು.

ಪಾತ್ರೆ ವ್ಯಾಪಾರದವರಿಗೆ ಇದು ದೊಡ್ಡಸ್ತಿಕೆಯಲ್ಲ, ಅಭ್ಯಾಸ. ನಮ್ಮ ಕಡೆ ಒಂದು ಲೋಟ ಕೊಂಡರೂ ಅಂಗಡಿಯವರು ‘ಏನಂತ ಎಸ್ರಾಕ್ಲವ್ವ?’ ಎಂದು ಕೇಳಿ, ಕರ್ರೆನ್ನುವ ಪುಟ್ಟ ಮಿಷನ್ನಿನಿಂದ ಕೆತ್ತಿಕೊಡುತ್ತಾರೆ. ಮದುವೆಗೋ ಗೃಹಪ್ರವೇಶಕ್ಕೋ ಕೊಟ್ಟ ಪಾತ್ರೆಯ ಮೇಲೆ ಕೊಟ್ಟವರ ಹೆಸರಿಲ್ಲದಿದ್ದರೆ ಅದು ಕೊಟ್ಟ ಹಾಗೇ ಅಲ್ಲ. ಕನ್ನಡ ಅಕ್ಷರಗಳನ್ನು ನಾನು ಕಲಿತದ್ದು ನಮ್ಮ ಅಡುಗೆಮನೆಯಲ್ಲಿ, ತಟ್ಟೆ ಚೊಂಬುಗಳ ಮೇಲಿನ ಮಾವನ ಹೆಸರನ್ನು ಓದಿಕೊಂಡು. ಇಷ್ಟೆಲ್ಲ ಗೊತ್ತಿದ್ದವಳಿಗೆ ಸೈಕಲ್ಲಿನ ವಿಷಯದಲ್ಲಿ ಮಾತ್ರ ಅದು ಹೊಳೆಯಲಿಲ್ಲ. ಅದನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ನನ್ನದು ನಂಜನಗೂಡು. ಅಪ್ಪ ಇಲ್ಲಿನ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದ. ಪಿಯುಸಿಗೆ ಸೇರಿದಾಗ ನಮ್ಮ ಕಾಲೇಜಿನ ಪಿ.ಟಿ. ಮೇಡಂ ನಾನು ಓಡುವುದನ್ನು ನೋಡಿ, ನಿನ್ನ ಕಾಲು ಓಟಕ್ಕಲ್ಲ, ಸೈಕಲ್ಲಿಗೆ ಎಂದು ತಾವು ಹಿಂದೆ ಓಡಿಸುತ್ತಿದ್ದ ಹಳೆಯ ಟ್ರ್ಯಾಕ್ ಸೈಕಲ್ಲಿಗೆ ಹತ್ತಿಸಿದರು. ಟ್ರ್ಯಾಕ್ ಸೈಕಲ್ ಎಂದರೆ ಬಟ್ಟಲಿನಂತೆ ಸುತ್ತಲೂ ಏರಿರುವ ವೆಲೊಡ್ರೋಮ್ ಎಂಬ ಮೈದಾನದಲ್ಲಿ ಓಡಿಸುವಂಥದ್ದು. ಅದಕ್ಕೆ ಗೇರಿಲ್ಲ, ಬ್ರೇಕಿಲ್ಲ, ಸ್ಟ್ಯಾಂಡಿಲ್ಲ, ಬೆಲ್ಲಿಲ್ಲ. ಮಾಮೂಲಿ ಸೈಕಲ್ಲಿನಲ್ಲಿ ತುಳಿಯುವುದನ್ನು ನಿಲ್ಲಿಸಿದರೂ ಗಾಲಿ ಟಿಕಿಟಿಕಿ ಎನ್ನುತ್ತಾ ತಾನೇ ಉರುಳುತ್ತದಲ್ಲ, ಆ ಸೌಕರ್ಯವೂ ಇದರಲ್ಲಿಲ್ಲ. ಹಿಂದಿನ ಹಲ್ಲುಚಕ್ರ ಗಾಲಿಗೇ ಬಿಗಿದುಕೊಂಡಿರುತ್ತದೆ. ಗಾಲಿ ತಿರುಗುವಷ್ಟು ಹೊತ್ತೂ ಪೆಡಲು ತಿರುಗುತ್ತದೆ, ಪೆಡಲಿನ ಜೊತೆ ನಮ್ಮ ಕಾಲೂ ತಿರುಗಬೇಕು. ನಿಲ್ಲಿಸಬೇಕೆಂದರೆ ಆ ಕಾಲುಗಳಿಂದಲೇ ಹಿಮ್ಮುಖವಾಗಿ ತಡೆಯಬೇಕು. ಮೊದಲ ದಿನ ನಾನು ಅಭ್ಯಾಸಬಲದಿಂದ ಕಾಲು ಬಿಗಿ ಹಿಡಿದೆ. ಸೈಕಲ್ಲು ನನ್ನನ್ನು ಎತ್ತಿ ಒಗೆಯಿತು.

ಲಾರಿಗಳ ಕಾಟವಿಲ್ಲದ ಭಾನುವಾರಗಳಂದು ಫ್ಯಾಕ್ಟರಿ ರಸ್ತೆಗಳಲ್ಲಿ ಮೇಡಂ ನನ್ನನ್ನು ಓಡಿಸಿದರು. ರಸ್ತೆಗೆಂದು ಮುಂದಕ್ಕೆ ಒಂದು ಬ್ರೇಕು ಹಾಕಿಕೊಟ್ಟಿದ್ದರು. ಓಡಿಸಿದ್ದಕ್ಕಿಂತ ಬಿಚ್ಚಿಸಿದ್ದು ಹೆಚ್ಚು. ಗಾಲಿಯ ಅಚ್ಚನ್ನು ಬೆರಳಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿ ಒಳಗೆ ಮರಳು ಸಿಕ್ಕಂತೆ ಆಗುತ್ತದೆಯೇ ನೋಡು, ಕಡ್ಡಿಗಳನ್ನು ಜೋಡಿ ಜೋಡಿಯಾಗಿ ಹಿಂಡಿ ಎಲ್ಲಿ ಸಡಿಲ ಹೇಳು, ಚೈನು ಒಂದು ಕಡೆ ಬಿಗಿ ಒಂದು ಕಡೆ ಜೋಲು ಯಾಕೆ ಹೇಳು ಎಂದು ಜೀವ ತಿನ್ನುತ್ತಿದ್ದರು. ಆಮೇಲೆ ಅವರಿಗೆ ದೂರದ ಜಿಲ್ಲೆಗೆ ವರ್ಗವಾಯಿತು. ಅದೇ ಹೊತ್ತಿಗೆ ಆ ಹಳೆಯ ಸೈಕಲ್ಲಿನ ಫ್ರೇಮು ಹಿಂದುಗಡೆ ಸೀಳಿ ಗುಜರಿಗೆ ಹೋಯಿತು. ನಾನು ಸೈಕಲ್ಲಿಲ್ಲದ ಸೈಕಲ್ ಪಟುವಾಗಿ ಉಳಿದೆ.

ಸರಿಯಾಗಿ ಆ ವರ್ಷವೇ ಕ್ರೀಡಾ ಹಾಸ್ಟೆಲ್ಲಿನ ಆಯ್ಕೆ ಬಂತು. ಉತ್ತರ ಕರ್ನಾಟಕದ ಕಡೆ, ವೆಲೊಡ್ರೋಮ್ ಇರುವ ಊರಿನಲ್ಲಿ. ಆಯ್ಕೆಯಾದರೆ ಊಟ, ವಸತಿ, ತರಬೇತಿ, ಡಿಗ್ರಿ ಓದು ಎಲ್ಲವೂ ಅಲ್ಲೇ. ಸೈಕಲ್ಲು ಮಾತ್ರ ಅವರವರೇ ತರಬೇಕು. ವಯಸ್ಸಿನ ಮಿತಿಯ ಪ್ರಕಾರ ನನಗೆ ಅದೇ ಮೊದಲ ಸಲ, ಅದೇ ಕೊನೆಯ ಸಲ. ನಾನು ಮೂರು ಹೊತ್ತೂ ಮುಖ ಊದಿಸಿಕೊಂಡು ಓಡಾಡುತ್ತಿದ್ದೆ. ಅಪ್ಪನ ಕೈಲಿ ಆಗುವ ಬಾಬತ್ತಲ್ಲ ಅದು ಎಂದು ಗೊತ್ತಿದ್ದರಿಂದ ಬಾಯಿಬಿಟ್ಟು ಕೇಳುವ ಹಾಗೂ ಇರಲಿಲ್ಲ.

ಒಂದು ದಿನ ಮಾವ ಮನೆಗೆ ಬಂದವರು ಊಟಕ್ಕೆ ಕೂತು, ಅವ್ವನಿಂದ ವಿಷಯ ಕೇಳಿ, ತುತ್ತನ್ನು ತಟ್ಟೆಯಲ್ಲೇ ಬಿಟ್ಟರು.

‘ನಮ್ಮ ಕೂಸು ಒಂದು ಸೈಕಲ್ಗೋಸ್ಕರ ಅಳ್ಕಂಡು ಕೂತ್ಕಬೇಕಾ? ನಾನಿನ್ನೂ ಸತ್ತೋಗಿಲ್ಲ ಕಣವ್ವ. ನಡಿ, ಯಾವುದ್ ಬೇಕೋ ನೀನೇ ಆರಿಸ್ಕೊ’ ಅಂದರು.

ಅವತ್ತು ನಾನು ಅವರ ಕಾಲಿಗೆ ಬಿದ್ದೆ. ಮನಸ್ಸಿಟ್ಟೇ ಬಿದ್ದೆ. ಈ ಮಾತನ್ನು ಇಲ್ಲಿ ಬರೆಯದಿದ್ದರೆ ಅನ್ಯಾಯವಾಗುತ್ತದೆ.

ಮೈಸೂರಿಗೆ ರೈಲಿನಲ್ಲಿ ಹೋದೆವು. ಅಂಗಡಿಯವರು ಎರಡು ಟ್ರ್ಯಾಕ್ ಸೈಕಲ್ ತರಿಸಿಟ್ಟಿದ್ದರು. ಮೊದಲನೆಯದು ಮಿರಮಿರ ಕಪ್ಪು, ಅಗಲವಾದ ರಿಮ್ಮು, ನೋಡಿದರೆ ಸಿನಿಮಾದವರ ಸೈಕಲ್ಲಿನ ಹಾಗೆ. ಮಾವ ಅದನ್ನು ನೋಡಿದೊಡನೆ ‘ಇದೇ ಕಣವ್ವ’ ಅಂದುಬಿಟ್ಟರು. ನಾನು ಪಕ್ಕದಲ್ಲಿ ಕೂತು ಪರೀಕ್ಷೆ ಶುರುಮಾಡಿದೆ. ಪೆಡಲು ತಿರುಗಿಸಿದೆ, ಚೈನು ಒಂದು ಸುತ್ತಿನಲ್ಲಿ ಒಮ್ಮೆ ಬಿಗಿದು ಒಮ್ಮೆ ಜೋತುಬಿತ್ತು. ಮುಂದಿನ ಹಲ್ಲುಚಕ್ರವೇ ಸರಿಯಾದ ದುಂಡಗಿರಲಿಲ್ಲ. ಹಿಂದಿನ ಗಾಲಿ ಬಿಚ್ಚಿಸಿ ಅಚ್ಚು ತಿರುಗಿಸಿದೆ, ಒಳಗೆ ಕಿರಿಕಿರಿ. ಹಲ್ಲುಚಕ್ರ ತಗಡಿನಿಂದ ಒತ್ತಿ ತೆಗೆದದ್ದು. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಅದನ್ನು ಹಿಡಿದಿಡುವ ಬಳೆ. ಕಾಲಿನಿಂದ ತಡೆದು ನಿಲ್ಲಿಸುವಾಗ ಹಲ್ಲುಚಕ್ರ ಬಿಚ್ಚಿಕೊಳ್ಳುವ ದಿಕ್ಕಿಗೇ ಎಳೆಯುತ್ತದೆ. ಅದಕ್ಕೇ ಒಳ್ಳೆಯ ಗಾಲಿಯಲ್ಲಿ ಅದರ ಮೇಲೆ ತಿರುಗಾಮುರುಗಾ ಮರೆಯ, ಅಂದರೆ ಉಲ್ಟಾ ಸ್ಕ್ರೂ ಸುತ್ತಿನ ಬಳೆಯೊಂದನ್ನು ಬಿಗಿದಿರುತ್ತಾರೆ; ಚಕ್ರ ಬಿಚ್ಚಲು ಹೋದಷ್ಟೂ ಬಳೆ ಬಿಗಿಯುತ್ತದೆ. ಈ ಮಿರಮಿರ ಸೈಕಲ್ಲಿನಲ್ಲಿ ಎರಡಕ್ಕೂ ಒಂದೇ ದಿಕ್ಕಿನ ಮರೆ. ಜೋರಾಗಿ ಓಡುವಾಗ ತಡೆದರೆ ಎರಡೂ ಸೇರಿಕೊಂಡು ಬಿಚ್ಚಿಕೊಳ್ಳುತ್ತವೆ. ಅಂಗಡಿಯವರಿಗೆ ತೋರಿಸಿದೆ. ಅವರು ಇದು ಫ್ಯಾಷನ್ನಿಗೆ ಓಡಿಸುವವರದು ಎಂದು ಒಪ್ಪಿಕೊಂಡು ಪಕ್ಕಕ್ಕಿಟ್ಟರು.

ಎರಡನೆಯದು ಬೂದು ಬಣ್ಣದ, ಯಾರೂ ತಿರುಗಿ ನೋಡದಂಥ ಅಲ್ಯೂಮಿನಿಯಂ ಸೈಕಲ್ಲು. ಅದರ ಅಚ್ಚು ಬೆರಳಲ್ಲಿ ಬೆಣ್ಣೆಯ ಹಾಗೆ ತಿರುಗಿತು. ಚೈನು ಸುತ್ತಿನುದ್ದಕ್ಕೂ ಒಂದೇ ಬಿಗಿ. ಬಳೆಗೆ ತಿರುಗಾಮುರುಗಾ ಮರೆ. ಕಡ್ಡಿಗಳು ಒಂದೇ ಸ್ವರದಲ್ಲಿ ನುಡಿದವು. ಹ್ಯಾಂಡಲ್ಲಿನ ಬಾಗು ನನ್ನ ಕೈಯಳತೆಗೆ ಕೂತಿತು. ಸೀಟು ಮಾತ್ರ ಕಲ್ಲಿನಂತಿತ್ತು. ಸೀಟನ್ನು ಬದಲಾಯಿಸಬಹುದು, ಫ್ರೇಮನ್ನು ಬದಲಾಯಿಸಲಾಗದು. ನಾನು ಕಣ್ಣುಮುಚ್ಚಿ ಇದೇ ಎಂದೆ.

ಮಾವ ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿ ಗಾಬರಿಯಾದರು. ಪಾತ್ರೆಗಳನ್ನು ತೂಕದ ಮೇಲೆ ಮಾರುವವರಿಗೆ ಹಗುರವೆಂದರೆ ಮೋಸ.

‘ಇದರಲ್ಲಿ ಮಾಲೇ ಇಲ್ವಲ್ಲವ್ವ! ತೂಕ ಇದ್ರೆ ತಾನೆ ಬಾಳ್ಕೆ?’

ಬೆರಳ ಗೆಣ್ಣಿನಿಂದ ಕೆಳಗಿನ ಪೈಪಿಗೆ ಬಡಿದು ಕಿವಿ ಕೊಟ್ಟರು. ನಾನು ವಿವರಿಸಿದೆ. ಈ ಪೈಪು ಬೆಸುಗೆ ಇರುವ ಎರಡು ತುದಿಯಲ್ಲಿ ದಪ್ಪ, ನಡುವೆ ತೆಳು. ಬಲ ಬೇಕಾದಲ್ಲಿ ಲೋಹ ಬಿಟ್ಟು ಬೇಡದ ಕಡೆ ತೆಗೆದಿದ್ದಾರೆ, ಅದಕ್ಕೇ ಇದರ ಬೆಲೆ ಹೆಚ್ಚು ಎಂದೆ. ಅವರ ಮುಖ ಅರಳಿತು.

‘ತಳ ದಪ್ಪ, ಮೈ ತೆಳು. ನಮ್ಮ ಹಾಲಿನ ಪಾತ್ರೆ ಇದ್ದಂಗೆ ಅನ್ನು!’

ಹೌದು ಮಾವ, ಹಾಗೇ ಎಂದೆ. ಇಡೀ ಮನೆತನದಲ್ಲಿ ನನ್ನ ಸೈಕಲ್ಲನ್ನು ಅರ್ಥಮಾಡಿಕೊಂಡವರು ಇವರೊಬ್ಬರೇ ಎಂದು ಎಷ್ಟು ಖುಷಿಪಟ್ಟೆನೆಂದರೆ, ಅಂಗಡಿಯ ಹೊರಗೆ ಅವರ ಕೈ ಹಿಡಿದುಕೊಂಡೇ ರಸ್ತೆ ದಾಟಿದೆ. ಅವರು ಚೌಕಾಸಿ ಕೂಡ ಮಾಡಲಿಲ್ಲ. ಪೈಪು ಎಲ್ಲಿ ತೆಳುವಾಗಿದೆ ಎಂಬುದನ್ನು ನಾನೇ ಅವರಿಗೆ ಬೆರಳಿಟ್ಟು ತೋರಿಸಿಕೊಟ್ಟಿದ್ದೆ.

ಸೈಕಲ್ಲನ್ನು ನೇರ ನಮ್ಮ ಮನೆಗೆ ತರಲು ಮಾವ ಬಿಡಲಿಲ್ಲ. ಹೊಸ ವಾಹನವನ್ನು ಹಾಗೆಲ್ಲ ಒಳಗೆ ತರಬಾರದು, ತಮ್ಮ ಮನೆಯಲ್ಲಿಟ್ಟುಕೊಂಡಿದ್ದು ಸೋಮವಾರ ನಂಜನಗೂಡಿಗೇ ತಂದು ದೇವಸ್ಥಾನದ ಮುಂದೆ ಪೂಜೆ ಮಾಡಿಸಿ ಒಪ್ಪಿಸುತ್ತೇನೆ ಎಂದರು. ಆಯ್ಕೆಗೆ ಇನ್ನೂ ದಿನಗಳಿದ್ದವು. ಆ ದಿನಗಳನ್ನು ನಾನು ಹೊಸ ಸೈಕಲ್ಲಿನ ಮೇಲೆ ಕಳೆಯಬೇಕಿತ್ತು. ಅವ್ವ ‘ಅವರಿಷ್ಟದಂತೆ ಆಗ್ಲಿ ಬುಡು’ ಎಂದದ್ದಕ್ಕೆ ಸುಮ್ಮನಾದೆ.

ಸೋಮವಾರ ಬೆಳಿಗ್ಗೆ ನಂಜುಂಡೇಶ್ವರನ ಗುಡಿಯ ಮುಂದೆ, ಹೊಸ ಕಾರು ಬೈಕುಗಳ ಸಾಲಿನಲ್ಲಿ ನನ್ನ ಸೈಕಲ್ಲೂ ನಿಂತಿತ್ತು. ಸ್ಟ್ಯಾಂಡಿಲ್ಲದ್ದರಿಂದ ಮಾವನ ಅಂಗಡಿಯ ಆಳೊಬ್ಬ ಸೀಟು ಹಿಡಿದುಕೊಂಡಿದ್ದ. ಸೇವಂತಿಗೆ ಹಾರ, ಗಾಲಿಗಳ ಕೆಳಗೆ ನಿಂಬೆಹಣ್ಣು, ಹ್ಯಾಂಡಲ್ಲಿಗೆ ವಿಭೂತಿ. ಪುರೋಹಿತರು ಮಂಗಳಾರತಿ ಎತ್ತಲು ಹಾರವನ್ನು ಪಕ್ಕಕ್ಕೆ ಸರಿಸಿದಾಗ ಕೆಳಗಿನ ಪೈಪಿನ ನಡುಮಧ್ಯದಲ್ಲಿ ಏನೋ ಹೊಳೆಯಿತು. ಅಂಗೈಯುದ್ದದ ಸ್ಟೀಲ್ ಫಲಕ. ಮೊದಲ ಸಾಲಿನಲ್ಲಿ ದೇವರು ಪ್ರಸನ್ನ, ಆಮೇಲೆ ಸೇವಾರ್ಥ, ಆಮೇಲೆ ಮಾವನ ಹೆಸರು, ಅಂಗಡಿಯ ಹೆಸರು, ಕೊನೆಗೆ ಫೋನ್ ನಂಬರು. ನಾಲ್ಕು ಮೂಲೆಗೆ ನಾಲ್ಕು ರಿವಿಟ್ಟು.

‘ಎಸ್ರೊಡೆಯೋ ಮಿಷನ್ನು ಆ ಪೈಂಟ್ ಮೇಲೆ ಜಾರ್ತಿತ್ತು ಕಣವ್ವ, ಅಕ್ಷರ ಅಂದವಾಗಿ ಬರ್ನಿಲ್ಲ. ಅಂಟು ಆಕುದ್ರೆ ಮಳೆಗೆ ಬಿಟ್ಕತದೆ. ಅದ್ಕೆ ಡ್ರಿಲ್ ಒಡ್ಸಿ ರಿವಿಟ್ಟೇ ಮಾಡಿಸ್ಬುಟ್ಟೆ. ಇನ್ನು ನೂರು ವರ್ಷಕ್ಕೂ ಅಲ್ಲಾಡಕಿಲ್ಲ’ ಅಂದರು ಮಾವ. ಅವರ ಕಣ್ಣಿನಲ್ಲಿ ನೀರಿತ್ತು.

‘ಪೈಪಿಗೆ ತೂತು ಆಕುಸಿದ್ರಾ, ಮಾವ?’ ಅಂದೆ.

ಅವ್ವ ನನ್ನ ತೋಳನ್ನು ಸೆರಗಿನ ಮರೆಯಲ್ಲಿ ಚಿವುಟಿದಳು. ರಕ್ತ ಹೆಪ್ಪುಗಟ್ಟುವಂತೆ ಚಿವುಟಿದಳು. ಮಾವ ಕೇಳಿಸಿಕೊಂಡಿರಲಿಲ್ಲ, ಫೋಟೋ ತೆಗೆಯುವವನಿಗೆ ಫಲಕ ಕಾಣುವ ಹಾಗೆ ನಿಲ್ಲಲು ಹೇಳುತ್ತಿದ್ದರು. ಆ ಫೋಟೋದಲ್ಲಿ ನಾನು ನಗುತ್ತಿದ್ದೇನೆ. ಎಲ್ಲರ ಮೊಬೈಲಿಗೂ ಹೋಗಿರುವ ಫೋಟೋ ಅದು.

ಮನೆಗೆ ಬಂದು ರಂಪ ಮಾಡಿದೆ. ಈ ಪೈಪಿನ ಗೋಡೆ ತಗಡಿನಷ್ಟು ತೆಳು, ತುಳಿದಾಗಲೆಲ್ಲ ಇದು ತಿರುಚಿಕೊಳ್ಳುತ್ತದೆ, ತೂತು ಇದ್ದ ಕಡೆಯಿಂದ ಸೀಳುತ್ತದೆ, ಈಗಲೇ ಹೇಳಿ ಬೇರೆ ಫ್ರೇಮು ಹಾಕಿಸಬೇಕು ಎಂದೆ. ಅಪ್ಪ ಪೈಪನ್ನು ಸವರಿ, ‘ಇಷ್ಟುದ್ದ ಪೈಪಲ್ಲಿ ನಾಕು ಸಣ್ಣ ತೂತಿಗೆ ಏನಾಯ್ತದೆ? ನಮ್ಮ ಫ್ಯಾಕ್ಟ್ರೀಲಿ ಬಾಯ್ಲರ್ಗೇ ರಿವಿಟ್ಟು ಒಡಿತಾರೆ’ ಅಂದ. ಅವ್ವ ಮಾತು ಬೆಳೆಯಲೇ ಬಿಡಲಿಲ್ಲ.

‘ಸೋದರಮಾವ ಕೊಟ್ಟದ್ನ ಒಲ್ಲೆ ಅನ್ನಕೆ ನಿಂಗೆ ಬಾಯಾದ್ರೂ ಎಂಗ್ ಬತ್ತದೆ? ನಿನ್ ಕಿವಿ ಚುಚ್ಚಿದ್ದು ಅವರ ತೊಡೆ ಮೇಲೆ. ಆಗ್ಲೂ ತೂತೇ ಆಕಿದ್ದು. ಸುಮ್ಕಿರು.’

ಆಯ್ಕೆಗೆ ಅಪ್ಪ ಜೊತೆಗೆ ಬಂದ. ರಾತ್ರಿ ರೈಲಿನಲ್ಲಿ ಸೈಕಲ್ಲಿಗೆ ತನ್ನ ದುಪ್ಪಟಿ ಸುತ್ತಿ ಮಲಗಿಸಿ, ತಾನು ಕೂತೇ ಬಂದ. ವೆಲೊಡ್ರೋಮನ್ನು ನಾನು ಕಣ್ಣಾರೆ ನೋಡಿದ್ದು ಅದೇ ಮೊದಲು. ಆ ಏರು ನೋಡಿ ನನಗಾದದ್ದು ಭಯವಲ್ಲ, ಆಸೆ. ಇದರ ಮೇಲೆ ಒಂದು ಸುತ್ತು ಹೊಡೆದು ಸತ್ತರೂ ಚಿಂತೆಯಿಲ್ಲ ಎನ್ನಿಸಿತು.

ಓಡಿಸುವ ಮೊದಲು ಸೈಕಲ್ ತಪಾಸಣೆ. ತಪಾಸಣೆ ಮಾಡುತ್ತಿದ್ದವರು ವಯಸ್ಸಾದ, ನಿಧಾನದ ಮನುಷ್ಯ. ಗಾಲಿ ತಿರುಗಿಸಿದರು, ಬಳೆ ನೋಡಿದರು, ಚೈನು ಒತ್ತಿದರು. ‘ಛಲೋ ಆರಿಸಿ ತಂದೀಯವಾ’ ಅಂದರು. ಆ ಮಾತು ಕೇಳಿ ನಾನು ಉಬ್ಬಿಹೋದೆ. ಆಮೇಲೆ ಅವರ ಕೈ ಕೆಳಗಿನ ಪೈಪಿಗೆ ಬಂತು. ಫಲಕವನ್ನು ಮೊದಲಿಂದ ಕೊನೆಯವರೆಗೆ ಓದಿದರು. ರಿವಿಟ್ಟಿನ ಮೇಲೆ ಉಗುರು ಆಡಿಸಿದರು.

‘ಇದನ್ನ ಯಾರ್ ಕೊರದಾರ?’

ಅಪ್ಪ ಮುಂದೆ ಬಂದು, ‘ಅವಳ ಸೋದರಮಾವ ಸಾ. ಬ್ಯಾಡ ಅಂದ್ರೆ ಪ್ಲೇಟ್ ಈಗ್ಲೇ ಬಿಚ್ಚಾಕ್ತೀವಿ’ ಅಂದ.

‘ಪ್ಲೇಟ್ ತಗದ್ರ ತೂತು ಮುಚ್ಚತಾವೇನ್ರೀ?’ ಅಂದರು ಅವರು. ಗದರಿಸಲಿಲ್ಲ. ನನ್ನ ಕಡೆ ತಿರುಗಿ, ‘ತಂಗಿ, ಆ ಏರಿನ ಮ್ಯಾಲೆ ಈ ಪೈಪ್ ಬಿಟ್ಟ್ರ ನೀ ಒಬ್ಬಾಕೀನ ಬೀಳೂದಿಲ್ಲ, ಹಿಂದ ಬರೋರೂ ಬೀಳ್ತಾರ. ನಾ ಇದಕ್ಕ ಸಹಿ ಹಾಕಂಗಿಲ್ಲ’ ಅಂದರು.

ನಾನು ಉಳಿದ ಹುಡುಗಿಯರ ಹತ್ತಿರ ಹೋಗಿ ಸೈಕಲ್ಲು ಬೇಡಿದೆ. ನಾಚಿಕೆ ಬಿಟ್ಟು ಬೇಡಿದೆ. ಒಬ್ಬಳು, ತನ್ನ ಸರದಿ ಮುಗಿದ ಮೇಲೆ ತೆಗೆದುಕೋ ಎಂದಳು. ಅವಳು ನನಗಿಂತ ಒಂದು ಗೇಣು ಎತ್ತರ. ಸೀಟನ್ನು ಇಳಿಸಿ ಇಳಿಸಿ ಕೊನೆ ಮುಟ್ಟಿಸಿದರೂ ನನ್ನ ಕಾಲು ಪೆಡಲಿನ ತಳಕ್ಕೆ ಎಟುಕಲಿಲ್ಲ. ನನ್ನ ಹೆಸರು ಕೂಗಿದರು, ಇನ್ನೊಮ್ಮೆ ಕೂಗಿದರು, ಮುಂದಿನವಳ ಹೆಸರು ಕೂಗಿದರು. ಅಪ್ಪ ಸೈಕಲ್ಲಿಗೆ ಮತ್ತೆ ದುಪ್ಪಟಿ ಸುತ್ತುತ್ತಿದ್ದ.

ನಿಲ್ದಾಣದಲ್ಲಿ ಕೂತಿದ್ದಾಗಲೇ ಮಾವನ ಫೋನು ಬಂತು. ಅಪ್ಪ ಎದ್ದು ನಿಂತು ಮಾತಾಡಿದ. ಹೆಂಡತಿಯ ಅಣ್ಣನ ಫೋನಿಗೂ ಎದ್ದು ನಿಲ್ಲುವ ಮನುಷ್ಯ.

‘ಸ್ವಲ್ಪದ್ರಲ್ಲಿ ತಪ್ಪೋಯ್ತು ಬಾವ. ಚೆನ್ನಾಗೇ ಓಡುಸುದ್ಲು. ಆ ಕಡೆ ಹುಡ್ಗೀರು ಬಲೇ ಗಟ್ಟಿ.’

ನಾನು ಅಪ್ಪನ ಮುಖ ನೋಡಿದೆ. ಅವನು ನನ್ನ ಮುಖ ನೋಡಲಿಲ್ಲ. ಊರಿಗೆ ಬಂದ ಮೇಲೆ ಅವ್ವ ಆ ಸುಳ್ಳಿಗೆ ಗಟ್ಟಿಯಾಗಿ ಮುದ್ರೆ ಒತ್ತಿದಳು. ಮಾವನಿಗೆ ನಿಜ ತಿಳಿದರೆ ಅವರ ಜೀವ ಒದ್ದಾಡುತ್ತದೆ, ಕೊಟ್ಟ ಕೈಗೆ ಕೆಟ್ಟ ಹೆಸರು ತರಬಾರದು, ನೀನು ಸೋತೆ ಎಂದರೆ ನಿನ್ನ ಗಂಟೇನು ಹೋಗುತ್ತದೆ ಎಂದಳು. ನನ್ನ ಗಂಟು ಏನು ಹೋಯಿತೆಂದು ಅವಳಿಗೆ ತಿಳಿಸುವ ಭಾಷೆ ನನಗೆ ಇವತ್ತಿಗೂ ಸಿಕ್ಕಿಲ್ಲ. ಮಾವ ಬಂದಾಗ ನಾನೇ ನನ್ನ ಬಾಯಿಂದ ‘ಕೈಲಾಗ್ನಿಲ್ಲ ಮಾವ’ ಎಂದೆ. ಅವರು ನನ್ನ ತಲೆ ಸವರಿ, ಸೋಲು ಗೆಲುವು ಇದ್ದದ್ದೇ, ಸೈಕಲ್ಲು ಹೇಗೂ ಇದೆ, ಇನ್ನೊಂದು ಸಲ ನೋಡೋಣ ಎಂದರು. ಇನ್ನೊಂದು ಸಲ ಎಂಬುದು ಇರಲಿಲ್ಲ.

ಆಮೇಲೆ ಮದುವೆ ಮುಂಜಿಗಳಲ್ಲಿ ಸಿಕ್ಕವರೆಲ್ಲ, ‘ಮಾವ ಅಷ್ಟ್ ಒಳ್ಳೆ ಸೈಕಲ್ ಕೊಡ್ಸುದ್ರಂತೆ, ನೀನು ಗೆಲ್ನಿಲ್ವಂತಲ್ಲ’ ಎನ್ನುವವರೇ. ನಾನು ಹಲ್ಲು ಕಚ್ಚಿ ಹೂಂ ಎನ್ನುತ್ತಿದ್ದೆ. ಸಿಟ್ಟಿಗೆ ಭಾನುವಾರಗಳಲ್ಲಿ ಅದೇ ಫ್ಯಾಕ್ಟರಿ ರಸ್ತೆಯಲ್ಲಿ ಆ ಸೈಕಲ್ಲನ್ನು ಹುಚ್ಚಿಯಂತೆ ಓಡಿಸಿದೆ. ಎಂಥ ಸೈಕಲ್ಲು ಅದು! ತುಳಿದದ್ದೆಲ್ಲ ರಸ್ತೆಗೆ ಇಳಿಯುತ್ತಿತ್ತು, ಒಂದಿಷ್ಟೂ ಸೋರುತ್ತಿರಲಿಲ್ಲ. ಒಂದು ದಿನ ಎದ್ದು ನಿಂತು ತುಳಿಯುವಾಗ ಕಾಲ ಬಳಿ ಕಿರ್ ಎಂದಿತು. ಇಳಿದು ಒರೆಸಿ ನೋಡಿದೆ. ಕೆಳಗಿನ ಎಡ ರಿವಿಟ್ಟಿನಿಂದ ಬಣ್ಣದಲ್ಲಿ ಕೂದಲೆಳೆಯಂಥ ಗೆರೆ. ಉಗುರಿಗೆ ಸಿಕ್ಕಿತು. ಬಣ್ಣದ ಗೆರೆಯಲ್ಲ, ಲೋಹದ್ದು. ಸೈಕಲ್ಲನ್ನು ತಳ್ಳಿಕೊಂಡು ಮನೆಗೆ ತಂದು ಗೋಡೆಗೆ ತೂಗುಹಾಕಿದೆ. ಮನೆಯಲ್ಲಿ ಯಾರೂ ಯಾಕೆಂದು ಕೇಳಲಿಲ್ಲ. 

ಅವ್ವ ಆಯುಧಪೂಜೆಗೆ ಆ ಫಲಕವನ್ನು ಉಜ್ಜಿ ಕುಂಕುಮ ಇಡುತ್ತಿದ್ದಳು. ನಾನು ಡಿಗ್ರಿ ಮುಗಿಸಿ ಇಲ್ಲೇ ಒಂದು ಫ್ಯಾಕ್ಟರಿಯ ತಪಾಸಣೆ ವಿಭಾಗ ಸೇರಿದೆ. ತಯಾರಾಗಿ ಬಂದ ಬಿಡಿಭಾಗಗಳನ್ನು ನೋಡಿ, ಬಿರುಕಿದ್ದರೆ ಕೆಂಪು ಬಣ್ಣ ಬಳಿದು ಪಕ್ಕಕ್ಕೆ ಎಸೆಯುವುದು ನನ್ನ ಕೆಲಸ. ಅಲ್ಲಿ ನಾನು ಬೇಡ ಎಂದರೆ ಬೇಡ. ಆ ಭಾಗವನ್ನು ಕೊಟ್ಟವರ ಮನಸ್ಸಿಗೆ ನೋವಾಗುತ್ತದೆ ಎಂದು ಯಾರೂ ನನ್ನ ತೋಳು ಚಿವುಟುವುದಿಲ್ಲ.

ಹೋದ ವರ್ಷ ಮಾವ ಬಂದರು. ಕವಲಂದೆಯ ಕಡೆ ತಮ್ಮ ಗಿರಾಕಿಯೊಬ್ಬರ ಮಗಳು ಸೈಕಲ್ ಓಡಿಸುತ್ತಾಳಂತೆ, ಅದೇ ಹಾಸ್ಟೆಲ್ಲಿನ ಆಯ್ಕೆಗೆ ಹೋಗುತ್ತಾಳಂತೆ, ಅವಳಿಗೂ ಇದೇ ಕೊನೆಯ ವರ್ಷವಂತೆ.

‘ನಿಂಗಂತೂ ಈಗ ಬ್ಯಾಡ. ಗೋಡೇಲಿ ಸುಮ್ಕೆ ಬಿದ್ದದೆ. ಆ ಮಗಿಗಾದ್ರೂ ಆಗ್ಲಿ. ನಾನು ಮಾತು ಕೊಟ್ಬುಟ್ಟಿದೀನಿ, ಸೋಮವಾರ ಬಂದು ತಕ್ಕೊಂಡೋಯ್ತಾರೆ. ನೀನೊಂದ್ಸಲ ಎಲ್ಲಾ ನೋಡಿ ರೆಡಿ ಮಾಡಿಡವ್ವ, ನಿಂಗೆ ಅದೆಲ್ಲಾ ಗೊತ್ತಲ್ಲ.’

ನನಗೆ ಅದೆಲ್ಲಾ ಗೊತ್ತು. ಸೈಕಲ್ಲನ್ನು ಇಳಿಸಿ ಅವರ ಮುಂದೆ ನಿಲ್ಲಿಸಿ, ಬಿರುಕನ್ನು ತೋರಿಸಿದೆ. ಅವತ್ತು ವೆಲೊಡ್ರೋಮಿನಲ್ಲಿ ಆದದ್ದನ್ನೆಲ್ಲ ಮೊದಲಿಂದ ಹೇಳಿದೆ. ನಾನು ಸೋಲಲಿಲ್ಲ ಮಾವ, ನನ್ನನ್ನು ಟ್ರ್ಯಾಕಿಗೆ ಇಳಿಸಲೇ ಇಲ್ಲ ಎಂದೆ. ದನಿ ಏರಿಸಲಿಲ್ಲ. ಇಷ್ಟು ವರ್ಷ ಮನಸ್ಸಿನಲ್ಲೇ ಹೇಳಿ ಹೇಳಿ ಅಭ್ಯಾಸವಾಗಿದ್ದ ಮಾತುಗಳು, ಸಲೀಸಾಗಿ ಬಂದವು. ಮಾವ ಬಿರುಕನ್ನು ನೋಡಲಿಲ್ಲ, ನನ್ನನ್ನೇ ನೋಡುತ್ತಾ ಕೂತಿದ್ದರು. ಆಮೇಲೆ ಅವ್ವನ ಕಡೆ ತಿರುಗಿದರು.

‘ಏನವ್ವ ಇದು? ನಿನ್ ಗಂಡ ಅವತ್ತು ಫೋನಲ್ಲಿ ಸೋತ್ಲು ಅಂದ್ರು. ಇವಳೇ ನನ್ ಮುಂದೆ ಕೈಲಾಗ್ನಿಲ್ಲ ಅಂದ್ಲು. ಈಗ ನೋಡುದ್ರೆ ನಾನು ಕೊಡ್ಸಿದ್ದೇ ತಪ್ಪಾ?’

ಅವ್ವ ನನ್ನನ್ನು ನೋಡಿದಳು, ಅಣ್ಣನನ್ನು ನೋಡಿದಳು. ‘ಸೋತದ್ದೇ ಅಣ್ಣ’ ಅಂದಳು. ‘ಬೇರೆ ಹುಡ್ಗಿಗೆ ಕೊಡ್ತೀವಿ ಅಂತ ಒಟ್ಟೆ ಉರಿ ಇವಳಿಗೆ. ನೀವು ತಪ್ಪು ತಿಳ್ಕಬೇಡಿ.’

ಅಪ್ಪ ಅಲ್ಲೇ ಬಾಗಿಲಲ್ಲಿ ನಿಂತಿದ್ದ. ಅವನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಮಾವ ಎದ್ದು, ‘ಸೋಮವಾರ ಬತ್ತಾರೆ, ಕೊಟ್ಕಳ್ಸಿ’ ಎಂದಷ್ಟೇ ಹೇಳಿ ಹೊರಟರು.

ಹೆತ್ತ ತಾಯಿ ನನ್ನ ಕಣ್ಣೆದುರೇ ನನ್ನ ಮೇಲೆ ಸಾಕ್ಷಿ ಹೇಳಿದ್ದು ನನಗೆ ವೆಲೊಡ್ರೋಮಿನಿಂದ ವಾಪಸು ಬಂದದ್ದಕ್ಕಿಂತ ದೊಡ್ಡ ಪೆಟ್ಟು. ಅಳು ಬರಲಿಲ್ಲ. ಸೋಮವಾರ ಆ ಹುಡುಗಿ ಬಂದು ಇದನ್ನು ಹತ್ತುತ್ತಾಳೆ, ಆಯ್ಕೆಗೆ ಮುಂಚೆ ಹೆದ್ದಾರಿಯಲ್ಲೇ ಅಭ್ಯಾಸ ಮಾಡುತ್ತಾಳೆ, ಹಿಂದೆ ಮುಂದೆ ಲಾರಿಗಳು. ಮಾತಿನಲ್ಲಿ ಹೇಳಿದರೆ ನಂಬುವವರು ಈ ಮನೆಯಲ್ಲಿ ಯಾರೂ ಉಳಿದಿರಲಿಲ್ಲ. ಅಪ್ಪನ ಸಾಮಾನಿನ ಪೆಟ್ಟಿಗೆಯಿಂದ ಹ್ಯಾಕ್ಸಾ ತಂದೆ. ಫಲಕದ ಪಕ್ಕದಲ್ಲಿ, ಬಿರುಕಿನ ಮೇಲೇ ಇಟ್ಟು ಎಳೆದೆ. ಅವ್ವ ಅಡುಗೆಮನೆಯಿಂದ ಓಡಿಬಂದು ಕಿರುಚಿದಳು. ತೆಳುವಾದ ಪೈಪು, ಅವಳು ನನ್ನ ಕೈ ಹಿಡಿಯುವಷ್ಟರಲ್ಲಿ ತುಂಡಾಗಿತ್ತು.

ಮಾವ ಅಂದಿನಿಂದ ನಮ್ಮ ಮನೆಗೆ ಬಂದಿಲ್ಲ. ಈ ಸೈಕಲ್ಲಿನ ಸಹವಾಸವೇ ಸಾಕು ಎಂದು ಆ ಹುಡುಗಿಗೆ ಬೇರೆಯದನ್ನೂ ಕೊಡಿಸಲಿಲ್ಲ. ತಾನು ಗೆಲ್ಲಲಿಲ್ಲವೆಂದು ಇನ್ನೊಬ್ಬಳ ಸೈಕಲ್ಲನ್ನು ಕುಯ್ದುಹಾಕಿದವಳು ಎಂದು ನರಸೀಪುರದಿಂದ ಕವಲಂದೆಯವರೆಗೂ ನನ್ನ ಹೆಸರು ಓಡಾಡುತ್ತಿದೆ. ಅವ್ವ ಮಾತು ಬಿಟ್ಟಿದ್ದಾಳೆ. ಊಟಕ್ಕೆ ಬಡಿಸುತ್ತಾಳೆ, ಅಷ್ಟೇ. ಅಪ್ಪ ಮೊದಲಿನ ಹಾಗೇ ಇದ್ದಾನೆ, ಅವನು ಮೊದಲೂ ಏನೂ ಹೇಳುತ್ತಿರಲಿಲ್ಲ.

ಮೊನ್ನೆ ಮೈಸೂರಿಗೆ ಹೋಗಲು ಬೆಳಗಿನ ರೈಲು ಹತ್ತಿದೆ. ಎದುರಿಗೆ ಕೂತಿದ್ದ ಹುಡುಗಿ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದಳು. ಪೂಜೆಯ ದಿನದ ಆ ಫೋಟೋದಿಂದ ಗುರುತು ಹಿಡಿದಿರಬೇಕು. ತಾನು ಕವಲಂದೆಯವಳು, ಆ ಸೈಕಲ್ಲು ತನಗೆ ಬರಬೇಕಿತ್ತು ಎಂದಳು. ನಾನು ಬೇಗಬೇಗ ಮೊಬೈಲು ತೆಗೆದು, ಕತ್ತರಿಸುವ ಮುಂಚೆ ತೆಗೆದಿಟ್ಟಿದ್ದ ಬಿರುಕಿನ ಚಿತ್ರವನ್ನು ದೊಡ್ಡದು ಮಾಡಿ ತೋರಿಸಿದೆ. ನೋಡು, ಇಲ್ಲಿಂದ ಇಲ್ಲಿಯವರೆಗೆ ಸೀಳಿತ್ತು, ನೀನು ಬೀಳುತ್ತಿದ್ದೆ ಎಂದೆ. ಒಬ್ಬರಾದರೂ ನಂಬಲಿ ಎಂದು ಮೊಬೈಲನ್ನು ಅವಳ ಕೈಗೇ ಕೊಟ್ಟೆ. ಅವಳು ಚಿತ್ರವನ್ನು ಸರಿಯಾಗಿಯೇ ನೋಡಿದಳು. ನಂಬಿದಳು ಕೂಡ, ಅದು ಅವಳ ಮುಖದಲ್ಲಿ ತಿಳಿಯಿತು. ಮೊಬೈಲನ್ನು ವಾಪಸು ಕೊಟ್ಟಳು.

‘ಬಿದ್ದಿದ್ರೆ ನಾನ್ ತಾನೆ ಅಕ್ಕ ಬೀಳ್ತಿದ್ದುದು?’ ಅಂದಳು.

ಹಿಂದೆ ಬರುವವರೂ ಬೀಳುತ್ತಾರೆ ಎಂದಿದ್ದ ಆ ತಪಾಸಣೆಯವರ ಮಾತು ನಾಲಿಗೆಯ ತುದಿಗೆ ಬಂತು. ಮೊಬೈಲನ್ನು ಚೀಲಕ್ಕೆ ಹಾಕಿಕೊಂಡೆ. ನನಗೂ ಅವತ್ತು ವೆಲೊಡ್ರೋಮಿನಲ್ಲಿ ಬೇಕಾಗಿದ್ದುದು ಬೀಳುವುದಕ್ಕಾದರೂ ಒಂದು ಅವಕಾಶ, ಅಷ್ಟೇ.